ನೇರಳೆ ತಿಂದ ನಾಲಿಗೆ

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದಕ್ಕೆ ತಳ್ಳುತ್ತಾ ಬಂದೆ. ಹೇಳಬೇಕೆಂದು ಕೂತಾಗಲೆಲ್ಲ ಬೇರೊಂದು ಕೆಲಸ ನೆನಪಾಗುತ್ತಿತ್ತು. ನಲ್ಲಿಯ ವಾಶರ್ ಸವೆದಿದೆ, ತಗಡಿನ ಮೇಲಿನ ತಾಡಪತ್ರಿ ಹಾರಿದೆ, ಕಾಲಿಗೆ ಎಣ್ಣೆ ತಿಕ್ಕಿಕೊಳ್ಳಬೇಕು. ಆ ಕೆಲಸ ಮುಗಿದ ಮೇಲೂ ಹೇಳುತ್ತಿರಲಿಲ್ಲ. ಈಗ ನಾಯಿಯ ವಿಷಯ ಬರೆಯುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಕೂತಿದ್ದೇನೆ. ಆದರೆ ನಾಯಿಯ ವಿಷಯ ಬರೆದರೆ ಸೊಸೆಯ ವಿಷಯ ಬಂದೇ ಬರುತ್ತದೆ. ನಾನು ಆಕೆಗೆ ಮಾಡಿದ್ದೂ ಬರುತ್ತದೆ.

ನಾವಿರುವುದು ಗೋವೆಯ ದಾಬೋಲಿಮ್ ವಿಮಾನ ನಿಲ್ದಾಣದ ಹಿಂದಿನ ದಿಬ್ಬದ ಮೇಲೆ, ಒಂದು ಚಾಳಿನಲ್ಲಿ. ಕೆಂಪು ಕಲ್ಲಿನ ಗೋಡೆ, ತಗಡಿನ ಸೂರು, ಒಂದಕ್ಕೊಂದು ಅಂಟಿಕೊಂಡ ಕೋಣೆಗಳು, ಅವನ್ನೇ ಖೋಲಿ ಅನ್ನುತ್ತೇವೆ. ಎಲ್ಲರೂ ವಿಜಯಪುರ, ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ವಿಮಾನ ಏಳುವಾಗ ಚಾಳಿನಲ್ಲಿ ಎಲ್ಲರ ಮಾತೂ ನಡುವೆ ನಿಲ್ಲುತ್ತದೆ. ಸದ್ದು ದೂರವಾದ ಮೇಲೆ ಬಿಟ್ಟಲ್ಲಿಂದ ಶುರುವಾಗುತ್ತದೆ. ಜಗಳವಾದರೂ ಅಷ್ಟೇ. ಬೈಗುಳದ ಅರ್ಧ ಭಾಗ ವಿಮಾನಕ್ಕೆ ಮುಂಚೆ, ಉಳಿದರ್ಧ ವಿಮಾನದ ನಂತರ.

ನಾನು ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದೆ. ಸ್ಲ್ಯಾಬ್ ಹಾಕುವುದಕ್ಕೆ ಮುಂಚೆ ಕೆಳಗೆ ಕಂಬ ಕೊಟ್ಟು ಹಲಗೆ ಹೊಂದಿಸುವ ಕೆಲಸ. ಹತ್ತನೆಯ ಇಯತ್ತೆ ಪಾಸಾಗಿದ್ದೆನಾದ್ದರಿಂದ ಅಳತೆ, ಲೆಕ್ಕ ತಪ್ಪುತ್ತಿರಲಿಲ್ಲ. ಆ ಹೆಮ್ಮೆ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು.

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೇನಿ' ಅನ್ನುವುದಿಲ್ಲ. 'ಹೋಗಿ ಬರ್ತೇನಿ' ಅನ್ನಬೇಕು. ಬಾಗಿಲಲ್ಲಿ ನಿಂತವರು 'ಹೋಗಿ ಬರ್ರಿ' ಅನ್ನಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಚಪ್ಪಲಿ ಹಾಕಿಕೊಳ್ಳುವ ಹಾಗೆ ತಾನಾಗಿ ಬರುತ್ತದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಖೋಲಿಯಲ್ಲಿ ಆ ಉತ್ತರ ಕೊಡುವವರು ಇರಲಿಲ್ಲ. ನಾನು ಮತ್ತು ಮಗ, ಇಬ್ಬರೂ ಒಟ್ಟಿಗೇ ಕೀಲಿ ಹಾಕಿ ಹೊರಡುತ್ತಿದ್ದೆವು. ನಾನು ಅಭ್ಯಾಸಬಲದಿಂದ ಕೀಲಿಗೇ 'ಹೋಗಿ ಬರ್ತೇನಿ' ಅಂದದ್ದುಂಟು.

ಮಗನಿಗೆ ಮದುವೆಯಾಯಿತು. ಸೊಸೆ ಬಂದ ಮರುದಿನ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಂಡು ಏನೋ ಗುನುಗಿದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಹೋಗಿ ಬರ್ರಿ ಮಾವಾರ" ಅಂದಳು. ಅಂದು ದಿಬ್ಬ ಇಳಿಯುವಾಗ ನನಗೆ ಕಣ್ಣು ತುಂಬಿತ್ತು. ಅಂದಿನಿಂದ ನಾನು ಆಕೆಯನ್ನು 'ಯವ್ವಾ' ಎಂದು ಕರೆಯತೊಡಗಿದೆ. ನಮ್ಮ ಕಡೆ ಮಗಳ ಸಮಾನರಾದವರನ್ನು ಹಾಗೆ, ಅವ್ವ ಅಂತಲೇ ಕರೆಯುತ್ತೇವೆ.

ಆಕೆ ಮಾತಿನ ಮಲ್ಲಿ. ನೀರಿನ ಟ್ಯಾಂಕರ್ ಬಂದಾಗ ಕೊಡದ ಸಾಲಿನಲ್ಲಿ ನಿಂತು ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ನಗುವಾಗ ನಾಲಿಗೆಯ ತುದಿಗಿಂತ ಸ್ವಲ್ಪ ಹಿಂದೆ ಒಂದು ಕಪ್ಪು ಮಚ್ಚೆ ಕಾಣುತ್ತಿತ್ತು. ನಾಲಿಗೆಯ ಮೇಲೆ ಮಚ್ಚೆ ಇದ್ದವರು ಆಡಿದ್ದು ಆಗುತ್ತದೆ, ಕೆಟ್ಟದ್ದಂತೂ ತಪ್ಪುವುದಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಕರಿನಾಲಿಗೆ ಅನ್ನುತ್ತಾರೆ. ನಾನು ನೋಡಿದ್ದೆ, ಆದರೆ ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ಆ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಆಕೆ ಬಾಗಿಲಲ್ಲಿ ನಿಂತು, "ಮಾವಾರ, ರಾತ್ರೆಲ್ಲಾ ಮಳಿ ಹೊಡದೈತ್ರಿ. ಹಲಗಿ ಜಾರತಾವ. ಸಂಭಾಳಿಸಿ ಹೋಗಿ ಬರ್ರಿ" ಅಂದಳು.

ಆ ದಿನ ನಾನು ಹಲಗೆಯ ಮೇಲಿಂದ ಬಿದ್ದೆ. ತೊಡೆಯ ಎಲುಬು ಮುರಿಯಿತು.

ಈಗ ನಿಜ ಹೇಳುತ್ತೇನೆ. ಹಲಗೆ ಮಳೆಗೆ ಜಾರಲಿಲ್ಲ. ಹಿಂದಿನ ಸಂಜೆ ಅದರ ಅಡಿಯ ಅಡ್ಡಪಟ್ಟಿಗೆ ಮೊಳೆ ಹೊಡೆಯುವುದು ಬಾಕಿ ಇತ್ತು. ಮೊಳೆಯ ಡಬ್ಬಿ ಕೆಳಗಿತ್ತು. ಇಳಿದು ಹತ್ತಲು ಬೇಸರ ಬಂತು. ನಾಳೆ ನೋಡೋಣ ಎಂದು ಬಿಟ್ಟೆ. ಬೆಳಿಗ್ಗೆ ಮರೆತೆ. ನಾನೇ ಹೊಂದಿಸಿದ ಹಲಗೆ ನನ್ನ ಕಾಲಡಿಯೇ ಹೊರಳಿತು.

ಆಸ್ಪತ್ರೆಗೆ ಚಾಳಿನ ಗಂಡಸರು ನೋಡಲು ಬಂದರು. ಪಕ್ಕದ ಖೋಲಿಯವನು ನನ್ನ ಜೊತೆಗೇ ಗೋವೆಗೆ ಬಂದವನು, ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಅವನು ಕೇಳಿದ, "ಅಲ್ಲೋ ಮೇಸ್ತ್ರಿ, ನೀ ಕಟ್ಟಿದ ಹಲಗಿ ಎಂದೂ ಅಲಗಿಲ್ಲ. ಹೆಂಗ ಬಿದ್ದೀ ಮಾರಾಯಾ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮೊಳೆ ಹೊಡೆಯಲು ಬೇಸರವಾಯಿತು ಎಂದು ಮೇಸ್ತ್ರಿಯಾದವನು ತನ್ನ ಆಳುಗಳ ಮುಂದೆ ಹೇಗೆ ಹೇಳುವುದು? ಬಾಯಿಗೆ ಬಂದದ್ದು ಹೇಳಿದೆ. "ಮನಿಯಾಗ ಕರಿನಾಲಿಗಿ ತಂದ ಇಟಗೊಂಡೇನಿ. ಹೊಂಡೂ ಹೊತ್ತಿನ್ಯಾಗ ಹಲಗಿ ಜಾರತಾವ ಅಂದ್ಲು. ಜಾರಿತು."

ಹೇಳಿ ಮುಗಿಸಿ ತಲೆ ಎತ್ತಿದರೆ, ವಾರ್ಡಿನ ಬಾಗಿಲಲ್ಲಿ ಊಟದ ಡಬ್ಬಿ ಹಿಡಿದು ಸೊಸೆ ನಿಂತಿದ್ದಳು.

ಮನೆಗೆ ಬಂದ ಮೇಲಾದರೂ ಅದನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಒಮ್ಮೆ ಆಡಿದ ಸುಳ್ಳಿಗೆ ಆಸರೆ ಬೇಕಲ್ಲ. "ಇನ್ನ ಮ್ಯಾಲೆ ಯಾರರ ಹೊರಗ ಹೊಂಟಾಗ ನೀ ಬಾಯಿ ಬಿಚ್ಚಬ್ಯಾಡ" ಎಂದೆ. ಆಕೆ, "ಹೂನ್ರಿ ಮಾವಾರ" ಅಂದಳು. ಮಗ, "ಅಪ್ಪಾ, ಅದೆಲ್ಲಾ ಖರೇ ಅಲ್ಲ ಬಿಡ" ಎಂದು ನಗಲು ನೋಡಿದ. ನಾನು ಪ್ಲಾಸ್ಟರ್ ಹಾಕಿದ ಕಾಲು ತೋರಿಸಿದೆ. ಟೆಂಪೊ ಓಡಿಸುವ ಹುಡುಗ, ದಿನಾ ರಸ್ತೆಯ ಮೇಲೆ ಇರುವವನು. ಅವನೂ ಸುಮ್ಮನಾದ.

ಅಂದಿನಿಂದ ನಾವು ಹೊರಡುವಾಗ ಆಕೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಳು. ನಾನು ಹೇಳಿದ್ದು ಗಂಡಸರಿಂದ ಹೆಂಗಸರಿಗೆ ಹೋಯಿತು. ಟ್ಯಾಂಕರಿನ ಸಾಲಿನಲ್ಲಿ ಆಕೆ ಬಂದರೆ ಬಸುರಿಯರು ಕೊಡ ಬದಲಿಸಿಕೊಂಡು ಹಿಂದೆ ಸರಿದರು. ಪಕ್ಕದ ಖೋಲಿಯವನ ಮಗಳಿಗೆ ಕುಬಸ ಮಾಡಿದರು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಎತ್ತಿ, ಎಲ್ಲ ಹೆಂಗಸರೂ ಒಳ್ಳೆಯ ಮಾತು ಹೇಳಿ ಹರಸುವ ದಿನ. ಆಕೆಯನ್ನು ಕರೆಯಲಿಲ್ಲ. ಹೋಳಿಗೆ ಮಾತ್ರ ತಟ್ಟೆಯಲ್ಲಿ ಮುಚ್ಚಿ ಮನೆಗೆ ಬಂತು. ಆಕೆ ತಟ್ಟೆ ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಹಿಂತಿರುಗಿಸಿದಳು. ಮಾತಾಡಲು ಇನ್ನೊಂದು ಹೆಣ್ಣುಜೀವ ಇಲ್ಲದ ಮನೆಯಲ್ಲಿ ಆಕೆಯ ಬಾಯಿ ನಿಧಾನವಾಗಿ ಮುಚ್ಚಿಹೋಯಿತು. ನಾನೂ 'ಯವ್ವಾ' ಅನ್ನುವುದನ್ನು ಬಿಟ್ಟೆ. ಏನಾದರೂ ಬೇಕಾದರೆ, "ಏ, ಇಲ್ಲಿ ಕೇಳ" ಅನ್ನುತ್ತಿದ್ದೆ. ತಪ್ಪು ಮಾಡಿದವನಿಗೆ ಆ ಹೆಸರು ಬಾಯಿಗೆ ಬರುವುದಿಲ್ಲ.

ಮೊಮ್ಮಗಳು ಹುಟ್ಟಿ ಶಾಲೆಗೆ ಹೋಗುವಷ್ಟಾದ ಮೇಲೆ ನಾಯಿ ಬಂತು.

ಕೆಳಗೆ ಒಂದು ಕಟ್ಟಡ ಏಳುತ್ತಿತ್ತು. ಕೆಲಸ ಮುಗಿದು ಆಳುಗಳು ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋದಾಗ, ಅವರು ಸಾಕಿದ್ದ ಕಂದು ಬಣ್ಣದ ನಾಯಿ ಮಾತ್ರ ಉಳಿಯಿತು. ಸೊಸೆ ರೊಟ್ಟಿಯ ಚೂರು ಹಾಕಿದಳು. ಅದು ನಮ್ಮ ಬಾಗಿಲಿಗೇ ಬಂದು ಮಲಗಿತು. ಒಂದು ಮಧ್ಯಾಹ್ನ ಅದು ಆಕಳಿಸಿದಾಗ ಮೊಮ್ಮಗಳು ಕೂಗಿಕೊಂಡಳು.

"ಅಜ್ಜಾ, ನೋಡ ಬಾ! ಇದು ನೇರಳಹಣ್ಣ ತಿಂದೈತಿ!"

ನಾಲಿಗೆಯ ತುಂಬ ಕಪ್ಪು ನೀಲಿ ಕಲೆಗಳು. ನೇರಳೆ ತಿಂದು ಬಾಯಿ ತೊಳೆಯದ ಮಗುವಿನ ನಾಲಿಗೆಯ ಹಾಗೆಯೇ ಇತ್ತು.

ಚಾಳಿನಲ್ಲಿ ಅದೊಂದು ದೊಡ್ಡ ಚರ್ಚೆಯಾಯಿತು. ಪಕ್ಕದ ಖೋಲಿಯವನು ಅಂದ, "ಕರಿನಾಲಿಗಿ ನಾಯಿ ಊಳಿಟ್ರ ಮನಿಯಾಗ ಒಬ್ಬರು ಕಮ್ಮಿ ಅಕ್ಕಾರ. ಓಡಸ ಅದನ್ನ." ಅವನ ಹೆಂಡತಿಗೆ ಬೇರೆಯೇ ಗೊತ್ತಿತ್ತು. ಅಂಥ ನಾಯಿಗೆ ಹಾವು ಹೆದರುತ್ತದಂತೆ. ಬಾಡಿಗೆ ವಸೂಲಿಗೆ ಬಂದ ಚಾಳಿನ ಮಾಲಕಿ ಬಾಯಿ ಕೊಡೆಯ ತುದಿಯಿಂದ ನಾಯಿಯ ಗದ್ದ ಎತ್ತಿ ನೋಡಿ, ತನ್ನ ಕೊಂಕಣಿಯಲ್ಲಿ, "ಹೊ ಫಾರಿನಾಚೊ ಸುಣೊ ರೇ!" ಅಂದಳು. ಪರದೇಶದ ನಾಯಿಯ ರಕ್ತವಂತೆ, ದುಬಾರಿ ಜಾತಿಯಂತೆ. "ಹಂಗಾರ ಬಾಯಾರ, ಬಾಡಿಗಿ ಬದಲಿ ನೀವ ಒಯ್ರಿ" ಎಂದು ಪಕ್ಕದವನು ನಗಿಸಿದ. ಒಂದೇ ನಾಲಿಗೆ. ಒಬ್ಬರಿಗೆ ಸಾವು, ಒಬ್ಬರಿಗೆ ರಕ್ಷೆ, ಒಬ್ಬರಿಗೆ ಫಾರಿನ್. ಆ ನಗುವಿನ ನಡುವೆ ಸೊಸೆ ನಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನನಗೆ ಆ ನಾಯಿ ಬೇಡವಾಗಿತ್ತು. ಅದಕ್ಕೊಂದು ಅಭ್ಯಾಸವಿತ್ತು. ಯಾರು ಹೊರಟರೂ ಅವರ ಜೊತೆ ದಿಬ್ಬದ ಕೆಳಗಿನ ಬಸ್ ನಿಲ್ದಾಣದವರೆಗೆ ನಡೆದು, ಬಸ್ ಹೊರಟ ಮೇಲೆ ವಾಪಸಾಗುತ್ತಿತ್ತು. ನಾನು ಆಗ ಒಂದು ಗೋದಾಮಿನಲ್ಲಿ ಹಗಲು ಕಾವಲಿಗೆ ಹೋಗುತ್ತಿದ್ದೆ. ಕರಿನಾಲಿಗೆ ಬೆನ್ನಿಗೆ ಬರುತ್ತಿದೆ ಎಂದು ಒಂದು ದಿನ ಕಲ್ಲು ಬೀಸಿದೆ. ಅದರ ಮುಂಗಾಲಿಗೆ ತಗುಲಿತು. ಕುಂಯ್ ಅಂದು ಕೂತಿತು. ನಾನು ಕುಂಟುತ್ತಾ ಮುಂದೆ ಹೋದೆ. ತಿರುಗಿ ನೋಡಿದರೆ ಅದೂ ಕುಂಟುತ್ತಾ ಬರುತ್ತಿತ್ತು. ಬಸ್ಸಿನವರೆಗೂ ಬಂದೇ ಹೋಯಿತು. ಸಂಜೆ ಮನೆಗೆ ಬಂದಾಗ ಸೊಸೆ ಅದರ ಕಾಲಿಗೆ ಅರಿಸಿನ ಹಚ್ಚಿದ್ದಳು. ಹೇಗಾಯಿತು ಎಂದು ನನ್ನನ್ನು ಕೇಳಲಿಲ್ಲ.

ಒಂದು ಬೆಳಿಗ್ಗೆ ನನಗೆ ಮೈ ಸರಿ ಇರಲಿಲ್ಲ. ಕೆಲಸಕ್ಕೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ. ಮೊಮ್ಮಗಳು ಚೀಲ ಏರಿಸಿಕೊಂಡು, "ಅವ್ವಾ, ಹೋಗಿ ಬರ್ತೇನಿ" ಅಂದಳು. ಸೊಸೆ ಸೆರಗು ಬಾಯಿಗೆ ಹಿಡಿದು ಸುಮ್ಮನೆ ನಿಂತಿದ್ದಳು. ಮಗು ಖೋಲಿಗಳ ಸಾಲಿನ ಕೊನೆ ತಲುಪುವ ಹೊತ್ತಿಗೆ ಮೇಲೆ ವಿಮಾನ ಎದ್ದಿತು. ತಗಡು ನಡುಗುವಷ್ಟು ಸದ್ದು. ಆ ಸದ್ದಿನಲ್ಲಿ ಆಕೆ ಸೆರಗು ತೆಗೆದಳು. ತುಟಿಗಳು ಆಡಿದವು. ನನಗೇನೂ ಕೇಳಿಸಲಿಲ್ಲ. ಆಕೆಯ ಕಾಲ ಬಳಿ ಕೂತಿದ್ದ ನಾಯಿಯ ಕಿವಿ ನೆಟ್ಟಗಾಯಿತು. ಅದು ಎದ್ದು ಮಗುವಿನ ಹಿಂದೆ ಓಡಿತು. ಸದ್ದು ತಗ್ಗುವಷ್ಟರಲ್ಲಿ ಸೆರಗು ಮತ್ತೆ ಬಾಯಿಗೆ ಬಂದಿತ್ತು.

ಮರುದಿನವೂ ನೋಡಿದೆ. ಆ ವಿಮಾನ ಹೊರಡುವ ಹೊತ್ತಿಗೇ ಮಗಳು ಹೊರಡುವ ಹಾಗೆ ಆಕೆ ಜಡೆ ಹಾಕುವುದನ್ನು ನಿಧಾನ ಮಾಡುತ್ತಿದ್ದಳು. ಹೆತ್ತ ಮಗಳಿಗೆ 'ಹೋಗಿ ಬಾ' ಅನ್ನಲು ಒಬ್ಬ ತಾಯಿ ವಿಮಾನದ ಸದ್ದಿಗೆ ಕಾಯುತ್ತಿದ್ದಳು. ಅವಳನ್ನು ಅಲ್ಲಿ ನಿಲ್ಲಿಸಿದವನು ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದ.

ಆ ಮೇಲೆ ನಾಯಿಗಳಿಗೆ ಹುಚ್ಚಿನ ಲಸಿಕೆ ಹಾಕುವವರು ಚಾಳಿಗೆ ಬಂದರು. ಜೊತೆಗೆ ಒಬ್ಬ ಡಾಕ್ಟರ್ ಹುಡುಗಿ. ಗೋವೆಯದೇ ಸಾಂಖಳಿ ಕಡೆಯವಳಂತೆ, ಕೊಂಕಣಿ ಹಿಂದಿ ಕಲಸಿ ಪಟಪಟ ಮಾತಾಡುತ್ತಿದ್ದಳು. ಸೊಸೆ ನಾಯಿಯನ್ನು ತಬ್ಬಿ ಹಿಡಿದಿದ್ದಳು. ಸೂಜಿ ಚುಚ್ಚಿದ ಮೇಲೆ ನಾನೇ ಕೇಳಿದೆ, ಇದರ ನಾಲಿಗೆ ಹೀಗೇಕಿದೆ, ಇದಕ್ಕೇನು ಅರ್ಥ ಎಂದು.

ಡಾಕ್ಟರ್ ನಾಯಿಯ ಬಾಯಿ ತೆರೆದು ಹೆಬ್ಬೆರಳಿನಿಂದ ಕಲೆಗಳನ್ನು ಸವರಿ ನೋಡಿದಳು. "ಕಾಂಯ್ ನಾ, ಆಜೋ" ಅಂದಳು. ಏನೂ ಇಲ್ಲ ಅಜ್ಜಾ ಎಂದು. ಉಳಿದದ್ದನ್ನು ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಚರ್ಮಕ್ಕೆ ಬಣ್ಣ ಕೊಡುವ ವಸ್ತು ಕೆಲವು ಕಡೆ ಹೆಚ್ಚು ಸೇರಿದೆ, ಅಷ್ಟೇ. ನಿಮ್ಮ ಕೈಮೇಲೆ ಮಚ್ಚೆ ಇದೆಯಲ್ಲ, ಹಾಗೇ. ಎಷ್ಟೋ ನಾಯಿಗಳಿಗೆ ಇರುತ್ತದೆ, ಬೀದಿ ನಾಯಿಗೂ, ಜಾತಿ ನಾಯಿಗೂ. ಮುಟ್ಟಿದರೆ ನುಣ್ಣಗೆ, ಸಮತಟ್ಟಾಗಿದ್ದರೆ ಚಿಂತೆಯಿಲ್ಲ. ಹೊಸದಾಗಿ ಯಾವುದಾದರೂ ಉಬ್ಬಿದರೆ, ರಕ್ತ ಬಂದರೆ, ಅದು ಊಟ ಬಿಟ್ಟರೆ ಆಗ ಕರೆತನ್ನಿ.

"ಮತ್ತ ಅರ್ಥ?" ಎಂದೆ.

"ಅರ್ಥ ಎಂಥದು? ಮಚ್ಚೆಗೆ ಅರ್ಥ ಇರುತ್ತಾ?" ಎಂದು ಡಾಕ್ಟರ್ ನಕ್ಕಳು.

ಆಗ ನಾಯಿಯನ್ನು ತಬ್ಬಿಕೊಂಡಿದ್ದ ಸೊಸೆ, ತಲೆ ಎತ್ತದೆ, ತನ್ನ ಮುರುಕು ಹಿಂದಿಯಲ್ಲಿ ಕೇಳಿದಳು, "ಮನುಷ್ಯರಿಗೂ ಹೀಗೇನಾ, ಡಾಕ್ಟರ್?"

"ಹೌದು. ಮೊದಲಿನಿಂದ ಇದ್ದು, ಹಾಗೇ ಇದ್ದರೆ ಏನೂ ಅಲ್ಲ. ಅನುಮಾನ ಇದ್ದರೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ."

ಸೊಸೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಬಹುಶಃ ಅಂದೇ ಹೇಳಿಬಿಡುತ್ತಿದ್ದೆ. ಇಲ್ಲ, ಇದೂ ಸುಳ್ಳು. ಹೇಳುತ್ತಿರಲಿಲ್ಲ. ನಾನು ಎದ್ದು ಅಂಗಡಿಗೆ ಹೋಗಿ ಬಾಳೆಹಣ್ಣು ತಂದು ಅಡಿಗೆಯ ಕಟ್ಟೆಯ ಮೇಲಿಟ್ಟೆ. ಆಕೆ ಒಂದನ್ನು ಸುಲಿದು ಮಗಳಿಗೆ ಕೊಟ್ಟಳು.

ಬೇರೆ ದಾರಿಯಿಂದ ಸರಿಪಡಿಸಲು ನೋಡಿದೆ. ಪಕ್ಕದ ಖೋಲಿಯವನ ಹತ್ತಿರ ಹೋಗಿ ಎಲ್ಲ ಹೇಳಿದೆ. "ಅವತ್ತ ಹಲಗಿಗಿ ಮೊಳಿ ಹೊಡದಿರಲಿಲ್ಲೋ. ತಪ್ಪ ನಂದು. ಆಕಿ ನಾಲಿಗಿದಲ್ಲ."

ಅವನು ಬೀಡಿ ಬಾಯಿಂದ ತೆಗೆದ. "ಅದು ನಮಗೆಲ್ಲಾ ಅವತ್ತ ಗೊತ್ತಿತ್ತಲ್ಲೋ ಮೇಸ್ತ್ರಿ. ಬಿದ್ದ ಹಲಗಿ ಎತ್ತಿಟ್ಟಾವ ನಾನ. ಮೊಳಿ ತೂತನ ಇರಲಿಲ್ಲ ಅದರಾಗ."

"ಮತ್ಯಾಕ ಅನಲಿಲ್ಲ?"

"ನಿನ್ನ ಮನಿ ಹೆಣಮಗಳ ಮ್ಯಾಲೆ ನೀನ ಹೇಳಾಕತ್ತಿದ್ದಿ. ನಡಬರಕ ನಾ ಯಾಂವ?"

"ಮತ್ತ ಕುಬಸಕ್ಕ ಆಕಿನ್ನ ಕರೀಲಿಲ್ಲ?"

ಅವನು ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿದ. "ಹೆಂಗಸರು ನಂಬಿದ್ರು. ಮಾವನ ಅಂದಾನ ಅಂದ್ರ ಖರೇನ ಇರಬೇಕ ಅಂದ್ರು" ಅಂದ.

ಆ ದಿನ ರಾತ್ರಿ ಅವನು ಹೆಂಡತಿಗೆ ಹೇಳಿರಬೇಕು. ಮರುದಿನ ಟ್ಯಾಂಕರಿನ ಸಾಲಿನಲ್ಲಿ ಆ ಹೆಂಗಸು ಸೊಸೆಯ ಕೊಡವನ್ನು ತಾನೇ ಎತ್ತಿ ಮುಂದಿಟ್ಟಳು. ಸೊಸೆ ಕೊಡ ತುಂಬಿಕೊಂಡು ಬಂದಳು. ಸೆರಗು ಮಾತ್ರ ಬಾಯಿಂದ ಇಳಿಯಲಿಲ್ಲ. ಹಾಕಿದವನು ತೆಗೆಯಬೇಕಿತ್ತು.

ನಾನು ನಾಯಿಯ ನಾಲಿಗೆ ನೋಡುವವನಾದೆ. ಸಂಜೆ ಅದನ್ನು ತೊಡೆಯ ನಡುವೆ ಕೂರಿಸಿಕೊಂಡು, ಬಾಯಿ ತೆರೆಸಿ, ಕಲೆಗಳನ್ನು ಬೆರಳಿನಿಂದ ಸವರುತ್ತಿದ್ದೆ. ಅದಕ್ಕೂ ರೂಢಿಯಾಗಿ, ನಾನು ಕೂತ ಕೂಡಲೇ ನಾಲಿಗೆ ಚಾಚುತ್ತಿತ್ತು. ಕಲ್ಲು ಹೊಡೆದ ಮುಂಗಾಲನ್ನು ಹಿಡಿದು, "ತಪ್ಪಾತಪಾ" ಎಂದು ಒಂದು ದಿನ ಅದಕ್ಕೆ ಹೇಳಿಯೂಬಿಟ್ಟೆ. ನಾಯಿಗೆ ಹೇಳುವುದು ಎಷ್ಟು ಸುಲಭ! ಅದು ನನ್ನ ಮೂಗು ನೆಕ್ಕಿತು. ತಲೆ ಎತ್ತಿದರೆ ಸೊಸೆ ಬಾಗಿಲಲ್ಲಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ನಾಯಿಯ ನಾಲಿಗೆಯನ್ನು ಇಷ್ಟು ಅಕ್ಕರೆಯಿಂದ ನೋಡುವ ಈ ಮುದುಕ ತನ್ನದನ್ನು ಹೇಗೆ ನೋಡಿದ್ದ ಎಂದು ಆಕೆಗೆ ಅನ್ನಿಸಿದ್ದರೆ ಅದು ನ್ಯಾಯವೇ.

ಈ ಮಳೆಗಾಲದಲ್ಲಿ ಒಂದು ಕಲೆಯ ಪಕ್ಕ ನನ್ನ ಬೆರಳಿಗೆ ಗಂಟು ಸಿಕ್ಕಿತು. ಎರಡು ದಿನದಿಂದ ಅದು ರೊಟ್ಟಿ ಮುಟ್ಟಿರಲಿಲ್ಲ. ಜೊಲ್ಲಿನಲ್ಲಿ ರಕ್ತದ ಎಳೆ. ಡಾಕ್ಟರ್ ಹುಡುಗಿ ಹೇಳಿದ್ದೆಲ್ಲ ನೆನಪಾಗಿ ಮಗನನ್ನು ಕೂಗಿದೆ. ಮಗ ಟೆಂಪೊ ತಂದ. ನಾಯಿಯನ್ನು ಗೋಣಿಯ ಮೇಲೆ ಮಲಗಿಸಿ, ನಾನು ಪಕ್ಕ ಕೂತುಕೊಳ್ಳುವುದಕ್ಕೆ ಮುಂಚೆ ಬಾಗಿಲ ಕಡೆ ತಿರುಗಿದೆ. ಸೊಸೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮೇಲೆ ವಿಮಾನ ಇರಲಿಲ್ಲ.

"ಹೋಗಿ ಬರ್ತೇವಿ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಹೇಳಿ, ಉತ್ತರಕ್ಕೆ ಕಾಯುತ್ತಾ ನಿಂತೆ. ಮಗ ಎಂಜಿನ್ ಶುರು ಮಾಡಿದವನು ಮತ್ತೆ ಆರಿಸಿದ.

ಆಕೆ ಮೆಟ್ಟಿಲಿಳಿದು ಬಂದಳು. ಸೆರಗನ್ನು ಬಾಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿ, ನಾಯಿಯ ತಲೆಯ ಮೇಲೆ ಕೈಯಿಟ್ಟು, "ಹೋಗಿ ಬಾ" ಅಂದಳು.

ಕನ್ನಡ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ಬಾ' ಅಂದದ್ದು ನಾಯಿಗೆ. ನನಗಾಗಿದ್ದರೆ 'ಬರ್ರಿ' ಅನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ನಾಯಿಗೆ ಮಂಪರು ಕೊಟ್ಟು ಗಂಟು ಕೊಯ್ದರು. ಒಳಗೆ ಮೀನಿನ ಮುಳ್ಳು ಇತ್ತು. ಯಾವುದೋ ತಿಪ್ಪೆಯಲ್ಲಿ ತಿಂದದ್ದು ಚುಚ್ಚಿಕೊಂಡು ಕೀವಾಗಿತ್ತು. ಕಲೆಗಳು ಇದ್ದ ಹಾಗೇ ಇದ್ದವು, ನುಣ್ಣಗೆ, ಸಮತಟ್ಟಾಗಿ. ಸಂಜೆ ಟೆಂಪೊದಿಂದ ಇಳಿದು ಅದು ತೂರಾಡುತ್ತಾ ಬಾಗಿಲಿಗೆ ನಡೆಯಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. "ನೋಡ ಅಜ್ಜಾ! ನಮ್ಮವ್ವ ಹೋಗಿ ಬಾ ಅಂದಿದ್ಲು. ಬಂತು!"

ಸೊಸೆ ನಕ್ಕುಬಿಟ್ಟಳು. ಬಾಯಿ ತುಂಬ. ಆ ಮಚ್ಚೆಯನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ. ಎಳ್ಳಿನಷ್ಟಿದೆ.

ಈಗ ಆಕೆ ಮಗಳನ್ನು ಬಾಯಿಬಿಟ್ಟು ಕಳಿಸುತ್ತಾಳೆ, ಗಂಡನನ್ನೂ. ನಾಯಿಗಂತೂ ದಿನಾ ಇದೆ. ನಾನು ಹಾಲು ತರಲು ಹೊರಟಾಗ 'ಹೋಗಿ ಬರ್ತೇನಿ' ಅನ್ನುತ್ತೇನೆ. ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ನಾಯಿ ಎದ್ದು ನನ್ನ ಜೊತೆ ಬರುತ್ತದೆ. ಆಕೆ ಕಾಯುತ್ತಿರುವುದು ಯಾವ ಮಾತಿಗೆ ಎಂದು ನನಗೆ ಗೊತ್ತಿದೆ. ದಿಬ್ಬ ಇಳಿಯುವಾಗ ಆ ಮಾತನ್ನು ಪ್ರತಿದಿನ ನಾಯಿಯ ಮುಂದೆ ಆಡಿ ನೋಡುತ್ತೇನೆ. ಹತ್ತಿ ಬಂದ ಮೇಲೆ ಹಾಲನ್ನು ಅಡಿಗೆಯ ಕಟ್ಟೆಯ ಮೇಲಿಟ್ಟು ಬೇರೊಂದು ಕೆಲಸ ಹಿಡಿಯುತ್ತೇನೆ.

ತಪ್ಪಾಯಿತು ಎಂದು ನಾನು ಇನ್ನೂ ಹೇಳದಿರುವುದು ಆಕೆಗೆ. ಈ ಮನೆಯ ಬಾಗಿಲಲ್ಲಿ ನನಗೆ ಹೋಗಿ ಬರ್ರಿ ಅಂದವಳಿಗೆ, ನನ್ನ ಮಗನ ಹೆಂಡತಿಗೆ. ಯವ್ವಾ, ನಿನಗೆ.